ಖನಿಜದ ಪೊಟ್ಟಣದಲ್ಲಿ ಕುಚ್ಚಲಕ್ಕಿ ಹಿಟ್ಟು

ಜನವರಿ ಹದಿಮೂರು, ಮಂಗಳವಾರ ಬೆಳಿಗ್ಗೆ ಎಂಟೂವರೆಗೆ, ಅಬುಧಾಬಿಯಿಂದ ಅಲ್ ಐನ್ ಕಡೆಗೆ ಹೋಗುವ ಹೆದ್ದಾರಿ ಬದಿಯ ಪೊಲೀಸ್ ಠಾಣೆಗೆ ಡಾಕ್ಟರ್ ಸೆಡ್ರಿಕ್ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದರು. ಪೆಟ್ಟಿಗೆಯಲ್ಲಿ ಜೀವಂತ ಕೋಳಿಯೊಂದಿತ್ತು. ಠಾಣೆಗೆ ಕೋಳಿ ತರಬಾರದೆಂದು ಯಾವ ನಿಯಮದಲ್ಲೂ ಬರೆದಿರದ ಕಾರಣ, ಬಾಗಿಲಿನ ಕಾನ್‌ಸ್ಟೇಬಲ್ ಒಂದು ಕ್ಷಣ ಯೋಚಿಸಿ ಒಳಗೆ ಬಿಟ್ಟ.

ಠಾಣೆಯ ತನಿಖಾಧಿಕಾರಿಯ ಹೆಸರು ಸುಹೈಲ್. ಅವರ ದರ್ಜೆಗೆ ಅರಬಿಯಲ್ಲಿ ಬೇರೆ ಹೆಸರಿದೆ. ನಮ್ಮ ನಾಲಿಗೆಗೆ ಇನ್‌ಸ್ಪೆಕ್ಟರ್ ಎಂದರೆ ಸಾಕು. ಅವರ ಬಲಗಡೆಯ ಕುರ್ಚಿ ಭಾಷಾಂತರ ಮಾಡುವ ಮಿಸ್ರಿಯಾಳದ್ದು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಿನಲ್ಲೇ ಹುಟ್ಟಿ ಬೆಳೆದ, ನಮ್ಮ ಕರಾವಳಿ ಮೂಲದ ಬ್ಯಾರಿ ಹುಡುಗಿ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಅರಬಿ, ಎದುರು ಫ್ಲ್ಯಾಟಿನವರ ಜೊತೆ ತುಳು, ಊರಿನ ರಜೆಯಲ್ಲಿ ಕನ್ನಡ. ಐದು ಭಾಷೆ ಬರುತ್ತದೆಂದು ಅವಳಿಗೆ ಕೆಲಸ ಸಿಕ್ಕಿತ್ತು. ಐದರಲ್ಲೂ ಮಾತು ನಿಲ್ಲಿಸಲು ಬರುವುದಿಲ್ಲವೆಂದು ಸುಹೈಲ್‌ಗೆ ತಿಳಿದದ್ದು ಕೆಲಸ ಕೊಟ್ಟ ಮೇಲೆ.

ಸೆಡ್ರಿಕ್ ಕೋಳಿಯನ್ನು ಮೇಜಿನ ಮೇಲಿಟ್ಟರು. ಅದು ಏಳಲು ಎರಡು ಸಲ ನೋಡಿತು, ಆಗದೆ ಕೂತಿತು. ಒಂದು ಕಾಲು ಹೊರಕ್ಕೆ ತಿರುಚಿಕೊಂಡಿತ್ತು, ಗಂಟು ಊದಿತ್ತು.

"ಕೋಳಿರೋಗವಾದರೆ ಬೇರೆ ಇಲಾಖೆ ಇದೆ," ಎಂದರು ಸುಹೈಲ್.

"ರೋಗ ಅಲ್ಲ ಸರ್," ಎಂದರು ಸೆಡ್ರಿಕ್. "ಕಳವು."

ಸೆಡ್ರಿಕ್ ಶಿರ್ವದವರು, ದನದ ಡಾಕ್ಟರಾಗಿ ಓದಿ ಕೋಳಿಯ ಡಾಕ್ಟರಾದವರು, ಈಗ ನಖ್ಲತೈನ್ ಪೌಲ್ಟ್ರಿ ಎಂಬ ಮಾಂಸದ ಕೋಳಿಯ ಫಾರ್ಮಿಗೆ ಮ್ಯಾನೇಜರ್. ಅವರು ಹೇಳಿದ್ದರ ಸಾರ ಇಷ್ಟು. ಕೋಳಿ ಬೇಗ ಬೆಳೆಯುತ್ತದೆ. ಐದು ವಾರದಲ್ಲಿ ಮಾರಾಟಕ್ಕೆ ಸಿದ್ಧ. ಆ ತೂಕವನ್ನು ಹೊರಲು ಕಾಲು ಗಟ್ಟಿ ಬೇಕು. ಜೋಳ, ಸೋಯಾ ಎಷ್ಟು ತಿನ್ನಿಸಿದರೂ ಸಾಲದು. ಸತು, ಮ್ಯಾಂಗನೀಸ್, ತಾಮ್ರ, ಸೆಲೆನಿಯಂ ಇಂಥ ಖನಿಜಗಳನ್ನು ಚೂರು ಬೆರೆಸಲೇಬೇಕು. ಒಂದು ಟನ್ ಮೇವಿಗೆ ಒಂದೇ ಕಿಲೋದ ಪೊಟ್ಟಣ.

"ಒಂದು ಟನ್ನಿಗೆ ಒಂದು ಕಿಲೋ ಇಲ್ಲದಿದ್ದರೆ ಇಷ್ಟಾಗುತ್ತದೆಯೇ?" ಸುಹೈಲ್ ಕೋಳಿಯನ್ನೇ ನೋಡುತ್ತಿದ್ದರು.

ಸೆಡ್ರಿಕ್ ಮಿಸ್ರಿಯಾಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಸಾರಿಗೆ ಇಂಗು ಹಾಕ್ತೇವಲ್ಲ, ಹಾಗೆ. ಹಾಕಿದ್ದು ಕಾಣುವುದಿಲ್ಲ. ಹಾಕದಿದ್ದರೆ ಗೊತ್ತಾಗ್ತದೆ."

ಇಂಗಿಗೆ ಅರಬಿಯಲ್ಲಿ ಏನನ್ನುತ್ತಾರೆಂದು ತಿಳಿಯದೆ ಮಿಸ್ರಿಯಾ ಅದನ್ನು ಕೇಸರಿ ಮಾಡಿದಳು. ಸುಹೈಲ್‌ಗೆ ಅರ್ಥವಾಯಿತು.

ಈ ಸಲ ಮೂರನೇ ಶೆಡ್ಡಿಗೆ ಮಾತ್ರ ಹೊಸ ಮಿಶ್ರಣ. ಔಷಧಿ ಕಡಿಮೆ ಮಾಡಬೇಕೆಂದು ತಾಮ್ರವನ್ನು ತುಸು ಹೆಚ್ಚಿಸಿ, ಫಾರ್ಮಿನಲ್ಲೇ ಬೆರೆಸಿ ಪೊಟ್ಟಣ ಕಟ್ಟುವ ಏರ್ಪಾಡು. ಆದರೆ ಕಾಲು ಸೋತದ್ದು ಅದೇ ಶೆಡ್ಡಿನ ಕೋಳಿಗಳು. ಸೆಡ್ರಿಕ್ ಸಂಶಯದಿಂದ ಒಂದು ಪೊಟ್ಟಣವನ್ನು ಒಡೆಸಿದರು. ಅದರಲ್ಲಿ ಖನಿಜವೇ ಇರಲಿಲ್ಲ. ಯಾವುದೋ ಹಿಟ್ಟಿತ್ತು.

ಊರಿನಲ್ಲಾದರೆ ಇದಕ್ಕೆ ಎಫ್‌ಐಆರ್ ಎನ್ನುತ್ತೇವೆ. ಇಲ್ಲಿ ಅದರ ಹೆಸರು ಬಲಾಗ್. ಹೆಸರು ಏನಾದರೂ, ದೂರು ದೂರೇ. ಖನಿಜ ಮಿಶ್ರಣದ ಕಳವು ಮತ್ತು ಮೇವಿನಲ್ಲಿ ಕಲಬೆರಕೆ ಎಂದು ಪ್ರಕರಣ ದಾಖಲಾಯಿತು. ಕೋಳಿಯನ್ನು ಸಾಕ್ಷ್ಯವಾಗಿ ಠಾಣೆಯಲ್ಲಿ ಉಳಿಸಿಕೊಳ್ಳಬೇಕೇ ಎಂದು ಕಾನ್‌ಸ್ಟೇಬಲ್ ಕೇಳಿದ. ಫೋಟೋ ಸಾಕು ಎಂದರು ಸುಹೈಲ್.

ಅದೇ ದಿನ ಹನ್ನೊಂದು ಗಂಟೆಗೆ ಫಾರ್ಮಿನಲ್ಲಿ ಸ್ಥಳ ಮಹಜರು. ಗೇಟಿನ ಎರಡೂ ಬದಿಗೆ ಒಂದೊಂದು ಖರ್ಜೂರದ ಮರ, ಆಚೆಗೆ ಆರು ಉದ್ದನೆಯ ಶೆಡ್ಡು, ಅದರಾಚೆಗೆ ಬರೀ ಮರಳು. ಖನಿಜದ ಕೋಣೆಗೆ ಒಂದೇ ಬಾಗಿಲು, ಒಂದೇ ಬೀಗ. ಬೀಗ ಮುರಿದಿರಲಿಲ್ಲ. ಕಿಟಕಿಯ ಬಲೆ ಹಾಗೇ ಇತ್ತು. ಮೇಜಿನ ಮೇಲೆ ಕಂದು ಕಾಗದದ ಪೊಟ್ಟಣಗಳು ಸಾಲಾಗಿದ್ದವು, ಬಾಯಿ ಮಡಚಿ ಸ್ಟೇಪ್ಲರ್ ಪಿನ್ನು ಹೊಡೆದಿತ್ತು.

ಸುಹೈಲ್ ಒಂದು ಪೊಟ್ಟಣವನ್ನು ಬೆಳಕಿಗೆ ಹಿಡಿದರು. ಪಿನ್ನಿನ ಪಕ್ಕದಲ್ಲೇ ಇನ್ನೊಂದು ಜೊತೆ ತೂತು. ಎಲ್ಲ ಪೊಟ್ಟಣಗಳಲ್ಲೂ ಹಾಗೇ. ಯಾರೋ ಒಂದು ಸಲ ಬಿಚ್ಚಿ, ಒಳಗಿನದ್ದನ್ನು ಬದಲಿಸಿ, ಮೊದಲಿನ ಮಡಿಕೆಯಲ್ಲೇ ಮಡಚಿ ಮತ್ತೆ ಪಿನ್ನು ಹೊಡೆದಿದ್ದರು. ಅವಸರವಿಲ್ಲದ, ಅಚ್ಚುಕಟ್ಟಾದ ಕೆಲಸ.

"ಕಳ್ಳನಿಗೆ ಪುರುಸೊತ್ತಿತ್ತು," ಎಂದರು ಸುಹೈಲ್. "ಕೀಲಿಯೂ ಇತ್ತು."

ಕೀಲಿ ಇದ್ದದ್ದು ಸ್ಟೋರ್ ಕೀಪರ್ ಸಿದ್ದೀಕನ ಹತ್ತಿರ. ಉಪ್ಪಿನಂಗಡಿಯವನು, ನಲವತ್ತು ದಾಟಿದ ತೆಳ್ಳನೆಯ ಆಳು. ಸೊಂಟದ ಬೆಲ್ಟಿಗೆ ಕೀಲಿಗೊಂಚಲು ಸಿಕ್ಕಿಸಿಕೊಂಡಿದ್ದ. ನಡೆದರೆ ಝಣಝಣ ಎನ್ನುತ್ತಿತ್ತು. ಸಿದ್ದೀಕ ಎಲ್ಲಿದ್ದಾನೆಂದು ಫಾರ್ಮಿನವರು ಯಾರನ್ನೂ ಕೇಳುತ್ತಿರಲಿಲ್ಲ, ಕಿವಿಗೊಟ್ಟರೆ ಸಾಕಿತ್ತು.

ವಿಚಾರಣೆ ಸ್ಟೋರಿನಲ್ಲೇ ನಡೆಯಿತು. ಸುಹೈಲ್ ಕೇಳಿದರು, ಮಿಸ್ರಿಯಾ ಕನ್ನಡಕ್ಕೆ ತಿರುಗಿಸಿದಳು.

"ಪೊಟ್ಟಣ ಕಟ್ಟುವುದು ಯಾರು?"

"ನಾನು. ಪ್ರತಿ ಗುರುವಾರ, ಒಂದು ವಾರಕ್ಕೆ ಆಗುವಷ್ಟು."

"ಕೀಲಿ?"

"ನನ್ನತ್ರ."

"ಬೇರೆ ಯಾರಿಗಾದರೂ ಕೊಡುತ್ತೀರಾ?"

ಸಿದ್ದೀಕ ನೆಲ ನೋಡಿದ. "ಕೊಡ್ಲಿಕ್ಕಿಲ್ಲ ಮೇಡಂ. ಕಂಪನಿ ರೂಲ್ಸ್ ಉಂಟು."

"ರೂಲ್ಸ್ ಕೇಳಿದ್ದಲ್ಲ, ಸಿದ್ದೀಕಾಕ. ಕೊಡ್ತೀರಾ ಅಂತ ಕೇಳಿದ್ದು."

"ಇಲ್ಲ."

ಆ ಇಲ್ಲ ಬರಲು ಕೊಂಚ ತಡವಾದದ್ದನ್ನು ಇನ್‌ಸ್ಪೆಕ್ಟರ್ ಗಮನಿಸಿದರು. ಅದಕ್ಕೆ ಭಾಷಾಂತರ ಬೇಕಿರಲಿಲ್ಲ.

ಸಿದ್ದೀಕನ ಮೇಲೆ ಸಂಶಯ ಬೀಳುವುದಕ್ಕೆ ಇಷ್ಟು ಸಾಕಾಗಿತ್ತು. ಕೀಲಿ ಅವನದ್ದು, ಕೈ ಅವನದ್ದು. ಕದ್ದ ಖನಿಜವನ್ನು ಸುತ್ತಲಿನ ಸಣ್ಣ ಫಾರ್ಮುಗಳಿಗೆ ಮಾರಿರಬಹುದು. ತನಿಖೆ ಮುಗಿಯುವವರೆಗೆ ಪಾಸ್‌ಪೋರ್ಟ್ ಠಾಣೆಯಲ್ಲಿರಬೇಕೆಂದು ಆದೇಶವಾಯಿತು. ಸಿದ್ದೀಕ ಪಾಸ್‌ಪೋರ್ಟ್ ತಂದು ಮೇಜಿನ ಮೇಲಿಟ್ಟು, ಮಿಸ್ರಿಯಾಳನ್ನು ಒಂದೇ ಪ್ರಶ್ನೆ ಕೇಳಿದ.

"ಭಾನುವಾರದೊಳಗೆ ಮುಗೀತದಾ?"

"ಭಾನುವಾರ ಎಂತದು?"

"ಸುಮೀನಾ ಬರ್ಲಿಕ್ಕುಂಟು. ಮಗಳೂ."

ಮದುವೆಯಾಗಿ ಒಂಬತ್ತು ವರ್ಷ. ಈ ಒಂಬತ್ತು ವರ್ಷದಲ್ಲಿ ಗಂಡ ಹೆಂಡತಿ ಒಟ್ಟಿಗಿದ್ದದ್ದು ರಜೆಯ ತಿಂಗಳುಗಳಲ್ಲಿ ಮಾತ್ರ. ಕಳೆದ ವರ್ಷ ಸಂಬಳ ಏರಿ, ಕುಟುಂಬವನ್ನು ಕರೆಸಿಕೊಳ್ಳುವ ವೀಸಾ ಸಿಕ್ಕಿತ್ತು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಒಂದು ರೂಮು ಹಿಡಿದಿದ್ದ. ಮಗಳು ನಾಝಿಯಾಳಿಗೆಂದು ಗುಲಾಬಿ ಬಣ್ಣದ ಪರದೆ ಕಟ್ಟಿಸಿದ್ದ. ಕಳವು ಸಾಬೀತಾದರೆ ಸಿದ್ದೀಕನ ಕೆಲಸ ಹೋಗುತ್ತದೆ, ಕೆಲಸದ ಜೊತೆ ಅವನ ವೀಸಾ, ಅವನ ವೀಸಾಕ್ಕೆ ನೇತುಬಿದ್ದಿರುವ ಹೆಂಡತಿ ಮಗಳ ವೀಸಾ. ಮಿಸ್ರಿಯಾ ಇದನ್ನು ಅರಬಿಗೆ ತಿರುಗಿಸಿದಳು; ಗುಲಾಬಿ ಪರದೆಯನ್ನೂ ಬಿಡಲಿಲ್ಲ. ಸುಹೈಲ್ ಪಾಸ್‌ಪೋರ್ಟನ್ನು ಲಕೋಟೆಗೆ ಹಾಕಿದರು. ಅವರಿಗೂ ಇಬ್ಬರು ಹೆಣ್ಣುಮಕ್ಕಳು.

ವಶಪಡಿಸಿಕೊಂಡ ಪೊಟ್ಟಣವನ್ನು ಸಾಕ್ಷಿಗಳ ಎದುರಿಗೆ ಬಿಚ್ಚಿದಾಗ ಮಿಸ್ರಿಯಾ ಮೂಗನ್ನು ಹತ್ತಿರ ತಂದಳು.

"ಸರ್, ಇದು ತಿನ್ನುವ ವಸ್ತು."

"ಲ್ಯಾಬ್ ಹೇಳಲಿ."

"ಲ್ಯಾಬ್ ಒಂದು ವಾರ ತೆಗೆದುಕೊಳ್ಳುತ್ತದೆ ಸರ್. ನಾನು ಈಗಲೇ ಹೇಳುತ್ತೇನೆ. ಹುರಿದ ಅಕ್ಕಿಯ ಹಿಟ್ಟು. ಬಿಳಿ ಅಕ್ಕಿಯಲ್ಲ, ಕೆಂಪು ಕುಚ್ಚಲಕ್ಕಿ. ಅರಸಿನ ಇದೆ. ಜೀರಿಗೆಯೂ ಇರಬೇಕು."

ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ಆ ದಪ್ಪ ಅಕ್ಕಿಯನ್ನು ಕರಾವಳಿಯವರಲ್ಲದೆ ಈ ಮರಳಿನಲ್ಲಿ ಯಾರೂ ಹುಡುಕಿಕೊಂಡು ಹೋಗಿ ಕೊಳ್ಳುವುದಿಲ್ಲ. ಸುಹೈಲ್ ಕೇಳಿಸಿಕೊಂಡು, ಫಾರ್ಮಿನ ಕೆಲಸಗಾರರ ಪಟ್ಟಿ ತರಿಸಿದರು. ಹೆಚ್ಚಿನವರು ಬೇರೆ ದೇಶದವರು. ಕರಾವಳಿಯವರು ನಾಲ್ವರು: ಮ್ಯಾನೇಜರ್ ಸೆಡ್ರಿಕ್, ಸ್ಟೋರಿನ ಸಿದ್ದೀಕ, ಮೇವಿನ ಮಿಕ್ಸರ್ ನಡೆಸುವ ಫಿಡೆಲಿಸ್, ಮೆಸ್ಸಿನ ಅಡುಗೆಯ ಸೇಸಪ್ಪ.

"ನಾಲ್ವರೂ ನಿಮ್ಮೂರಿನವರು," ಎಂದರು ಸುಹೈಲ್.

"ನಮ್ಮೂರಿನವರು ಎಲ್ಲ ಕಡೆ ಇರುತ್ತಾರೆ ಸರ್," ಎಂದಳು ಮಿಸ್ರಿಯಾ, ಸ್ವಲ್ಪ ಹೆಮ್ಮೆಯಿಂದಲೇ.

ಫಿಡೆಲಿಸ್ ಹೇಳಿಕೆ ಕೊಡುವಾಗ ಬೆವರುತ್ತಿದ್ದ. ಪೊಟ್ಟಣದ ಮೂಲೆ ಕತ್ತರಿಸಿ ಮಿಕ್ಸರಿನ ಬಾಯಿಗೆ ಸುರಿಯುವುದಷ್ಟೇ ಅವನ ಕೆಲಸ.

"ಹಿಟ್ಟು ಅಂತ ಗೊತ್ತಾಗಲಿಲ್ವಾ?"

"ಹೊಸ ಮಿಕ್ಸ್ ಅಲ್ವಾ ಮೇಡಂ. ಅದು ಹೇಗಿರ್ತದೆ ಅಂತ ನನಗೆಂತ ಗೊತ್ತು? ಒಂದು ಮಾತ್ರ ಉಂಟು."

"ಏನು?"

"ಇತ್ತೀಚೆ ಪೊಟ್ಟಣ ಒಡೆದ್ರೆ ಹಸಿವಾಗ್ತಿತ್ತು."

ಆ ಮಾತನ್ನು ಹೇಳಿಕೆಯಲ್ಲಿ ಹಾಗೆಯೇ ಬರೆಯಲಾಯಿತು.

ಬುಧವಾರ ಸಂಜೆ ಮಿಸ್ರಿಯಾ ಮನೆಯಲ್ಲಿ ತನ್ನದೇ ತನಿಖೆ ನಡೆಸಿದಳು. ತಾಯಿಯಿಂದ ಕುಚ್ಚಲಕ್ಕಿ ಹುರಿಸಿ, ಅರಸಿನ ಜೀರಿಗೆ ಸೇರಿಸಿ ಪುಡಿ ಮಾಡಿಸಿದಳು. ಘಮ ಅದೇ. ಯಾಕೆ ಬೇಕು ಈ ಪುಡಿ ಎಂದು ತಾಯಿ ಕೇಳಿದರು.

"ಕೋಳಿಗೆ ಯಾರಾದರೂ ಇದನ್ನು ಹಾಕ್ತಾರಾ ಉಮ್ಮಾ?"

"ಯಾಕೆ ಹಾಕುವುದಿಲ್ಲ? ಕೋಳಿ ತೂಕಡಿಸಿದ್ರೆ ನಿನ್ನ ಅಜ್ಜಿ ಅರಸಿನ ಜೀರಿಗೆ ಅನ್ನದಲ್ಲಿ ಕಲಸಿ ಉಂಡೆ ಮಾಡಿ ನುಂಗಿಸ್ತಿದ್ರು. ನಂಜು ಇಳೀತದೆ ಅಂತ."

ಮರುದಿನ ಮಿಸ್ರಿಯಾ ಇದನ್ನು ವರದಿ ಮಾಡಿದಾಗ ಸುಹೈಲ್ ಪೆನ್ನಿನ ತುದಿ ತಿರುಗಿಸುತ್ತ ಲೆಕ್ಕ ಹಾಕಿದರು. ಕದಿಯುವವನು ಖಾಲಿ ಜಾಗಕ್ಕೆ ಕೈಗೆ ಸಿಕ್ಕ ಮಣ್ಣು ತುಂಬಿಸುತ್ತಾನೆ. ಇವನು ಅಕ್ಕಿ ಹುರಿದು, ಮದ್ದು ಬೆರೆಸಿ ತುಂಬಿಸಿದ್ದಾನೆ. ಕೋಳಿಯ ಮೇಲೆ ಇಷ್ಟು ಅಕ್ಕರೆ ಇರುವವನು ಕೋಳಿಯ ಕಾಲು ಯಾಕೆ ಮುರಿದಾನು?

"ನಾಳೆ ಶುಕ್ರವಾರ," ಎಂದರು ಕೊನೆಗೆ. "ಜುಮಾ ನಮಾಝಿಗೆ ಫಾರ್ಮಿನವರು ಹೋಗುವ ಮಸೀದಿಗೇ ಹೋಗುತ್ತೇನೆ. ಯಲ್ಲಾ, ನೀನೂ ಬಾ."

ಶುಕ್ರವಾರ ಮಧ್ಯಾಹ್ನ ಫಾರ್ಮಿನ ಮುಸ್ಲಿಂ ಕೆಲಸಗಾರರೆಲ್ಲ ಹೆದ್ದಾರಿ ಬದಿಯ ಸಣ್ಣ ಮಸೀದಿಗೆ ಕಂಪನಿಯ ಬಸ್ಸಿನಲ್ಲಿ ಬರುತ್ತಾರೆ. ಸುಹೈಲ್ ಕೈಕಾಲು ತೊಳೆಯುವ ನಲ್ಲಿಗಳ ಸಾಲಿನಲ್ಲಿ ಕೂತಿದ್ದಾಗ ಸಿದ್ದೀಕ ಬಂದು ಪಕ್ಕದಲ್ಲಿ ಕೂತ. ಇನ್‌ಸ್ಪೆಕ್ಟರನ್ನು ಕಂಡು ಗಾಬರಿಯಾಗಿ ಸಲಾಂ ಹೇಳಿದ. ಸುಹೈಲ್ ಸಲಾಂ ಹೇಳಿದರು. ಆಮೇಲೆ ಅವರ ಕಿವಿಗೆ ಏನೋ ಕಡಿಮೆಯಾದಂತೆ ತೋರಿತು. ಸಿದ್ದೀಕ ಬರುವಾಗ ಸದ್ದಾಗಿರಲಿಲ್ಲ. ಬೆಲ್ಟಿನಲ್ಲಿ ಕೀಲಿ ಇರಲಿಲ್ಲ.

ನಮಾಝಿನ ಹೊತ್ತಿನಲ್ಲಿ ಪೊಲೀಸ್ ಕೆಲಸ ಸಲ್ಲದೆಂದು ಅವರು ಏನೂ ಕೇಳಲಿಲ್ಲ. ಫಾರ್ಮಿನಲ್ಲಿ ಕಾಯುತ್ತಿದ್ದ ಮಿಸ್ರಿಯಾಳಿಗೆ ಒಂದು ಸಾಲಿನ ಸಂದೇಶ ಮಾತ್ರ ಕಳಿಸಿದರು: ಕೀಲಿ ಎಲ್ಲಿದೆ ನೋಡು.

ಮಿಸ್ರಿಯಾ ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಫಾರ್ಮಿನಲ್ಲಿ ಆ ಹೊತ್ತಿಗೆ ಎಚ್ಚರವಾಗಿದ್ದದ್ದು ಮೆಸ್ಸಿನ ಅಡುಗೆಕೋಣೆ ಒಂದೇ. ಗೋಡೆಯಲ್ಲಿ ದೇವರ ಫೋಟೋ, ಅದಕ್ಕೆ ಪ್ಲಾಸ್ಟಿಕ್ ಮಲ್ಲಿಗೆ, ಅದರ ಪಕ್ಕದ ಮೊಳೆಯಲ್ಲಿ ಸಿದ್ದೀಕನ ಕೀಲಿಗೊಂಚಲು. ಒಲೆಯ ಮುಂದೆ ಸೇಸಪ್ಪ. ಅರವತ್ತರ ಹತ್ತಿರದ ಗಿಡ್ಡ ಮನುಷ್ಯ, ಲುಂಗಿಯ ಮೇಲೆ ಏಪ್ರನ್.

"ಬಾ ಮಗಾ," ಎಂದರು ಸೇಸಪ್ಪ, ಅವಳು ಪೊಲೀಸಿನವಳೆಂದು ತಿಳಿದೂ. "ಗಂಜಿ ಉಂಟು, ಚಟ್ನಿ ಉಂಟು. ಊಟ ಆಗಿದಾ?"

ಕರ್ತವ್ಯದಲ್ಲಿರುವಾಗ ಸಾಕ್ಷಿಗಳ ಮನೆಯಲ್ಲಿ ಉಣ್ಣಬಾರದು. ಮಿಸ್ರಿಯಾ ಕೂತಳು. ಸೇಸಪ್ಪ ಬಟ್ಟಲಿಗೆ ಗಂಜಿ ಬಡಿಸಿದರು. ಕೆಂಪು ಕುಚ್ಚಲಕ್ಕಿ ಗಂಜಿ.

"ಈ ಕೀಲಿ ಸಿದ್ದೀಕಾಕಂದಲ್ವಾ?"

"ಹೌದು. ಶುಕ್ರವಾರ ಇಲ್ಲೇ ನೇತುಹಾಕಿ ಹೋಗುವುದು. ಎಲ್ಲರೂ ನಮಾಝಿಗೋ ನಿದ್ದೆಗೋ ಹೋದ್ರೆ ಫಾರ್ಮಿಗೆ ಒಬ್ಬ ಬೇಕಲ್ಲ, ಮಿಕ್ಸರಿಗೆ ಬೆಂಕಿ ಬಿತ್ತು, ಕರೆಂಟ್ ಹೋಯ್ತು ಅಂತಾದ್ರೆ? ನಾನಿರ್ತೇನೆ. ನನ್ನ ನಾಗರ ಪಂಚಮಿಗೆ ಸಿದ್ದೀಕ ಒಲೆ ಹಚ್ಚುವುದು, ನಾನು ರಜೆ. ಹನ್ನೊಂದು ವರ್ಷದ್ದು ಈ ಲೆಕ್ಕ."

"ಕೀಲಿ ಕೊಡುವುದಿಲ್ಲ ಅಂತ ಅವರು ಹೇಳಿಕೆ ಕೊಟ್ಟಿದ್ದಾರೆ."

ಸೇಸಪ್ಪನ ಕೈಯ ಸೌಟು ನಿಂತಿತು. ಯಾಕೆ ಹಾಗೆ ಹೇಳಿದನೆಂದು ಅವರಿಗೆ ತಕ್ಷಣ ಹೊಳೆದಿರಬೇಕು. ನನ್ನ ಹೆಸರು ಬರಬಾರದೆಂದು, ಎಂಬಂತೆ ಮೊಳೆಯ ಕಡೆ ನೋಡಿದರು.

"ಪಾಪ, ಅವನಿಗೆ ಏನೂ ಗೊತ್ತಿಲ್ಲ ಮಗಾ. ಅವನನ್ನು ಬಿಡ್ಬೇಕು ನೀವು. ಆ ವಿಷ ನಿಮಗೆ ಸಿಕ್ಕಿತಾ?"

ಮಿಸ್ರಿಯಾ ಬಟ್ಟಲನ್ನು ಕೆಳಗಿಟ್ಟಳು. "ಯಾವ ವಿಷ?"

"ಮತ್ತೆ ನೀವು ಬಂದದ್ದು ಅದಕ್ಕೇ ಅಲ್ವಾ? ಸಿಗಲಿಕ್ಕಿಲ್ಲ. ಹುಡುಕ್ಬೇಡಿ. ಸಿಗುವುದಿಲ್ಲ."

ಮುಂದಿನದ್ದನ್ನು ಅವಳೊಬ್ಬಳೇ ಕೇಳಿಸಿಕೊಳ್ಳಬಾರದಿತ್ತು. ಫೋನು ಮಾಡಿದಳು. ಸುಹೈಲ್ ಬಂದರು, ಅವರ ಹಿಂದೆ ಸೆಡ್ರಿಕ್, ಬಾಗಿಲ ಹೊರಗೆ ಸಿದ್ದೀಕ. ಇನ್‌ಸ್ಪೆಕ್ಟರ್ ನಿಂತುಕೊಂಡೇ ಕೇಳಿದರು.

"ಪೊಟ್ಟಣ ಬದಲಿಸಿದ್ದು ನೀವೇ?"

"ನಾನೇ. ಮೂರು ಶುಕ್ರವಾರ."

"ಒಳಗಿದ್ದದ್ದು ಎಲ್ಲಿದೆ?"

ಸೇಸಪ್ಪ ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಮಂಚದ ಕೆಳಗೆ ಬೆರಳು ಮಾಡಿದರು. ಕಾನ್‌ಸ್ಟೇಬಲ್ ಬಗ್ಗಿ ಎಳೆದ. ತುಪ್ಪದ ಖಾಲಿ ಡಬ್ಬಗಳು, ಬಾಯಿಗೆ ಸುತ್ತೂ ಅಂಟುಪಟ್ಟಿ. ಪ್ರತಿ ಡಬ್ಬದ ಮೇಲೂ ಕೆಂಪು ಮಾರ್ಕರಿನಲ್ಲಿ ದಪ್ಪ ಕನ್ನಡ ಅಕ್ಷರ: ವಿಷ, ಮುಟ್ಟಬಾರದು. ಓದಲು ಬಾರದವರಿಗೆಂದು ಕೆಳಗೊಂದು ತಲೆಬುರುಡೆ. ಆ ಬುರುಡೆಗೆ ಮೂಗು ಇಟ್ಟಿದ್ದರಿಂದ ಅದು ಸ್ವಲ್ಪ ಸೆಡ್ರಿಕ್‌ರಂತೆ ಕಾಣುತ್ತಿತ್ತು. ಕದ್ದ ಮಾಲಿಗೆ ಇಷ್ಟು ಜಾಗ್ರತೆಯ ಹೆಸರುಪಟ್ಟಿ ಅಂಟಿಸಿದ ಕಳ್ಳನನ್ನು ಸುಹೈಲ್ ತಮ್ಮ ಸೇವೆಯಲ್ಲಿ ಕಂಡಿರಲಿಲ್ಲ.

"ಬಿಸಾಡಲಿಲ್ಲ ಯಾಕೆ?"

"ಎಲ್ಲಿಗೆ ಬಿಸಾಡುವುದು? ಮರಳಿಗೆ ಹಾಕಿದ್ರೆ ಒಂಟೆ ನೆಕ್ಕೀತು. ನೀರಿಗೆ ಹಾಕಿದ್ರೆ ಯಾರಾದ್ರೂ ಕುಡಿದಾರು."

ಸೆಡ್ರಿಕ್ ಒಂದು ಡಬ್ಬ ತೆರೆದರು. ಬಿಳಿ ಪುಡಿ, ಅದರ ನಡುನಡುವೆ ಹೊಳೆಯುವ ನೀಲಿ ಹರಳು.

"ಇದು ಮೈಲುತುತ್ತು," ಎಂದರು ಸೇಸಪ್ಪ. ಅವರ ಧ್ವನಿ ಗಟ್ಟಿಯಾಗಿತ್ತು. "ನನಗೆ ತೋರಿಸ್ಬೇಡಿ, ನನಗೆ ಗೊತ್ತುಂಟು. ಅಡಿಕೆಗೆ ಕೊಳೆರೋಗ ಬಂದ್ರೆ ಸುಣ್ಣದ ಜೊತೆ ಕಲಸಿ ಮರಕ್ಕೆ ಹೊಡೆಯುವುದು. ಊರಲ್ಲಿ ಚಿಕ್ಕ ಮಗುವಿಗೂ ಗೊತ್ತುಂಟು ಅದು ವಿಷ ಅಂತ. ಅದನ್ನು ಕೋಳಿಗೆ ಹಾಕುವುದಾ ಡಾಕ್ಟ್ರೇ? ಆ ಕೋಳಿಯನ್ನು ಮಕ್ಕಳು ತಿನ್ನುವುದಲ್ವಾ?"

ಈ ತಪ್ಪು ಬೇರೆಯವರಿಂದ ಆಗುತ್ತಿರಲಿಲ್ಲ. ನೀಲಿ ಹರಳನ್ನು ಕಂಡ ಬೇರೆ ಊರಿನವನಿಗೆ ಅದು ಬರೀ ನೀಲಿ ಹರಳು. ನಮ್ಮ ಕರಾವಳಿಯವನಿಗೆ ಮಾತ್ರ ಅದನ್ನು ಕಂಡರೆ ಅಜ್ಜಿ ಕೂಗುವುದು ಕೇಳುತ್ತದೆ, ಮುಟ್ಟಬೇಡ ಎಂದು.

ನಡೆದದ್ದು ಹೀಗೆ. ಡಿಸೆಂಬರ್ ಕೊನೆಯಲ್ಲಿ ಒಂದು ಗುರುವಾರ ಸಿದ್ದೀಕ ಊಟಕ್ಕೆ ಬಂದಾಗ ಅವನ ಉಗುರಿನ ಸಂದಿಯಲ್ಲಿ ನೀಲಿ ಇತ್ತು. ಏನದು ಎಂದು ಸೇಸಪ್ಪ ಕೇಳಿದರು. ಕೋಳಿಗೆ ಹಾಕುವ ಮಿನರಲ್ ಎಂದು ಹೇಳಿ ಸಿದ್ದೀಕ ಸಾರು ಸುರಿದುಕೊಂಡ. ಸೇಸಪ್ಪ ಅವನನ್ನು ಎಬ್ಬಿಸಿ ಸೋಪು ಹಾಕಿ ಕೈ ತೊಳೆಸಿದರು. ಮರುದಿನ ಕೀಲಿ ಮೊಳೆಗೆ ಬಂದಾಗ ಸ್ಟೋರಿಗೆ ಹೋಗಿ ನೋಡಿದರು. ಅಂದಿನಿಂದ ಶುರು.

"ಸಿದ್ದೀಕನಿಗೆ ಹೇಳಬಹುದಿತ್ತಲ್ಲ?" ಸುಹೈಲ್ ಕೇಳಿದರು.

"ಹೇಳಿದ್ರೆ ಅವನು ಕಲಸುವುದಿಲ್ಲ ಅಂತ ಹಟ ಹಿಡೀತಾನೆ. ಕೆಲಸ ಹೋಗ್ತದೆ. ಹೆಂಡತಿ ಮಗು ಬರ್ಲಿಕ್ಕುಂಟು. ಹೇಳದಿದ್ರೆ ಅವನ ಕೈಯಿಂದಲೇ ವಿಷ ಹಾಕಿದ ಹಾಗೆ, ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ ಜೈಲಿಗೆ ಹೋಗುವುದು ಅವನೇ. ನನಗೆ ಬೇರೆ ದಾರಿ ಕಾಣ್ಲಿಲ್ಲ ಸರ್."

ಬಾಗಿಲ ಹೊರಗೆ ನಿಂತಿದ್ದ ಸಿದ್ದೀಕ ಗೋಡೆಗೆ ಹಣೆ ಒತ್ತಿಕೊಂಡು ಅಳುತ್ತಿದ್ದ. ಯಾರನ್ನು ಉಳಿಸಲು ಹೊರಟರೋ ಅವನ ಕೊರಳಿಗೇ ಸೇಸಪ್ಪ ಉರುಳು ಹಾಕಿದ್ದರು, ಅವರನ್ನು ಉಳಿಸಲು ಅವನು ಬಾಯಿ ಮುಚ್ಚಿಕೊಂಡು ಅದನ್ನೇ ಬಿಗಿದುಕೊಂಡಿದ್ದ. ಇಬ್ಬರಲ್ಲಿ ಒಬ್ಬರಾದರೂ ಮಾತಾಡಿದ್ದರೆ ಪೊಲೀಸರು ಬರುವ ಅಗತ್ಯವೇ ಇರಲಿಲ್ಲ.

"ಸೇಸಪ್ಪಣ್ಣ," ಎಂದರು ಸೆಡ್ರಿಕ್ ಮೆಲ್ಲಗೆ, "ಮರಕ್ಕೆ ಹೊಡೆಯುವುದು ಮುಷ್ಟಿಗಟ್ಟಲೆ. ನಾವು ಹಾಕುವುದು ಒಂದು ಟನ್ ಮೇವಿಗೆ ಕೆಲವೇ ಚಮಚ. ಅಷ್ಟು ತಾಮ್ರ ನಿಮ್ಮ ಮೈಯಲ್ಲೂ ಬೇಕು, ನನ್ನ ಮೈಯಲ್ಲೂ ಬೇಕು. ಅದರ ಜೊತೆ ಇದ್ದ ಬಿಳಿ ಪುಡಿ ಉಂಟಲ್ಲ, ಸತು, ಮ್ಯಾಂಗನೀಸ್, ಅದು ಕೋಳಿಯ ಕಾಲಿಗೆ ಶಕ್ತಿ. ಅದೂ ಹೋಯ್ತು."

"ಹಾಗಾದ್ರೆ ಕಾಲು ಸೋತದ್ದು?"

ಸೆಡ್ರಿಕ್ ಡಬ್ಬದ ಮುಚ್ಚಳ ಮುಚ್ಚಿದರು. ಸೇಸಪ್ಪ ಮಂಚದ ಮೇಲೆ ಕೂತುಬಿಟ್ಟರು.

"ನಾನು ಮಾಡಿದ್ದಾ?" ಎಂದು ಕೇಳಿದರು. ಯಾರನ್ನೂ ಕೇಳಿದ್ದಲ್ಲ ಅದು.

ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಸೇಸಪ್ಪನ ಬಂಧನವಾಯಿತು. ಕೈಕೋಳ ಹಾಕಲಿಲ್ಲ. ಹೊರಡುವ ಮುಂಚೆ ಅವರು ಒಲೆ ಆರಿಸಿ, ಗಂಜಿಯ ಪಾತ್ರೆ ಮುಚ್ಚಿ, ಸಂಜೆಯ ಸಾಂಬಾರಿಗೆ ಉಪ್ಪು ಹಾಕಿಲ್ಲವೆಂದು ಫಿಡೆಲಿಸ್‌ಗೆ ಎರಡು ಸಲ ಹೇಳಿದರು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಉದ್ದೇಶವೇನೆಂಬ ಪ್ರಶ್ನೆ ಬಂತು. ಸೇಸಪ್ಪ ಅದಕ್ಕೆ ನೇರ ಉತ್ತರ ಕೊಡಲಿಲ್ಲ. ಚಂದ್ರಮತಿಯ ವಿಷಯ ಹೇಳಿದರು. ಚಂದ್ರಮತಿ ಅವರ ತಂಗಿ, ಆಗ ನಾಲ್ಕು ವರ್ಷದವಳು. ಅವರಿಗೆ ಹತ್ತೋ ಹನ್ನೊಂದೋ. ತಂದೆ ಬೇರೆಯವರ ತೋಟಕ್ಕೆ ಮದ್ದು ಹೊಡೆಯಲು ಹೋಗುತ್ತಿದ್ದರು. ಒಂದು ದಿನ ಧಣಿಗಳ ಅಂಗಳದಲ್ಲಿ ಚೀಲದ ಬಾಯಿ ಬಿಚ್ಚಿತ್ತು. ಹರಳು ನೀಲಿಯಾಗಿ, ಚಂದವಾಗಿತ್ತು.

"ಕಲ್ಲುಸಕ್ಕರೆ ಅಂದ್ಕೊಂಡ್ಳು," ಎಂದರು ಸೇಸಪ್ಪ. "ಹೆಗಲ ಮೇಲೆ ಹಾಕಿಕೊಂಡು ಬಸ್ಸಿನವರೆಗೆ ನಾನೇ ಓಡಿದ್ದು. ನನ್ನ ಅಂಗಿಯೆಲ್ಲ ನೀಲಿ."

ಮಿಸ್ರಿಯಾಳಿಗೆ ಅದನ್ನು ಅರಬಿಗೆ ತಿರುಗಿಸಲು ಎರಡು ಸಲ ನೀರು ಕುಡಿಯಬೇಕಾಯಿತು. ಐದು ಭಾಷೆಯಲ್ಲೂ ಮಾತು ನಿಲ್ಲದ ಹುಡುಗಿ ಅವಳು.

ಹೇಳಿಕೆ ಮುಗಿಯಿತು. ಸುಹೈಲ್ ಮೇಜಿನ ಮೇಲಿದ್ದ ಡಬ್ಬವನ್ನು ಸಾಕ್ಷ್ಯದ ಚೀಲಕ್ಕೆ ಹಾಕಿ ಮೊಹರು ಮಾಡಿದರು. ಮುಚ್ಚಳದ ಅಂಚಿನಿಂದ ಒಂದಿಷ್ಟು ಪುಡಿ ಬೆರಳಿಗೆ ತಾಗಿತು. ಸಹಿ ಹಾಕಲು ಪೆನ್ನು ನೀಡಿದರು. ಸೇಸಪ್ಪ ಪೆನ್ನು ತೆಗೆದುಕೊಳ್ಳಲಿಲ್ಲ.

"ಏನಂತೆ? ಸಹಿ ಹಾಕುವುದಿಲ್ಲವೇ?"

"ಹಾಕುತ್ತಾರಂತೆ ಸರ್," ಎಂದಳು ಮಿಸ್ರಿಯಾ. "ನೀವು ಮೊದಲು ಕೈ ತೊಳೆದು ಬರಬೇಕಂತೆ. ಸೋಪು ಹಾಕಿ. ಮನೆಯಲ್ಲಿ ಮಕ್ಕಳಿದ್ದಾರಾ ಅಂತ ಕೇಳುತ್ತಿದ್ದಾರೆ."

ಅಷ್ಟು ಚೂರಿನಲ್ಲಿ ಅದು ವಿಷವಲ್ಲವೆಂದು ಡಾಕ್ಟರ್ ಆಗಲೇ ಹೇಳಿದ್ದರು. ಅದನ್ನು ಮತ್ತೆ ನೆನಪಿಸಬಹುದಿತ್ತು. ಸುಹೈಲ್ ಎದ್ದು ಹೋದರು. ಒಳಗೆ ನಲ್ಲಿ ಸುರಿಯುವ ಸದ್ದು ಕೇಳಿಸಿತು. ಬಂದು ಎರಡೂ ಕೈಗಳನ್ನು ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ ತೋರಿಸಿದರು. ಸೇಸಪ್ಪ ಕನ್ನಡಕ ಏರಿಸಿ ಉಗುರುಗಳನ್ನು ನೋಡಿದರು. ಆಮೇಲೆ ಸಹಿ ಹಾಕಿದರು.

ಪ್ರಕರಣ ಪ್ರಾಸಿಕ್ಯೂಷನ್ ಮುಂದೆ ಹೋಯಿತು. ಕಂಪನಿ ದೂರನ್ನು ಮುಂದುವರಿಸಲು ಇಷ್ಟವಿಲ್ಲವೆಂದು ಬರೆದುಕೊಟ್ಟಿತು, ಸೆಡ್ರಿಕ್ ಬರೆಸಿದ್ದು. ಅದು ತೀರ್ಮಾನವಾಗುವವರೆಗೆ ಸೇಸಪ್ಪನಿಗೆ ಜಾಮೀನು ಸಿಕ್ಕಿತು. ಮೂರನೇ ಶೆಡ್ಡಿನಲ್ಲಿ ಪೊಟ್ಟಣಗಳು ಸರಿಯಾದವು. ತಿರುಚಿದ ಕಾಲುಗಳು ನೆಟ್ಟಗಾಗಲಿಲ್ಲ. ಉಳಿದವು ಎದ್ದು ಓಡಾಡತೊಡಗಿದವು. ಸಿದ್ದೀಕನಿಗೆ ಕೀಲಿಯ ವಿಷಯಕ್ಕೆ ಕಂಪನಿಯಿಂದ ಒಂದು ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು.

ಇದೆಲ್ಲ ಆಮೇಲಿನದು. ಬಂಧನದ ಮರುದಿನ, ಶನಿವಾರ ಬೆಳಿಗ್ಗೆ, ಸಿದ್ದೀಕ ಪಾಸ್‌ಪೋರ್ಟ್ ತೆಗೆದುಕೊಳ್ಳಲು ಠಾಣೆಗೆ ಬಂದ. ಮಿಸ್ರಿಯಾ ಲಕೋಟೆ ಒಡೆದು ಕೊಟ್ಟಳು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡಳು. ಸಿದ್ದೀಕ ಪಾಸ್‌ಪೋರ್ಟನ್ನು ಅಂಗಿಯ ಜೇಬಿಗೆ ಹಾಕಲಿಲ್ಲ. ಅಲ್ಲೇ ಮೇಜಿನ ಮೇಲೆ ವಾಪಸು ಇಟ್ಟ. ಇಲ್ಲಿ ಜಾಮೀನಿಗೆ ಬೇರೊಬ್ಬರು ತಮ್ಮ ಪಾಸ್‌ಪೋರ್ಟ್ ಒತ್ತೆಯಿಡಬೇಕು. ಕೇಸು ಮುಗಿಯುವವರೆಗೆ ಅದು ಸಿಗುವುದಿಲ್ಲ, ಊರಿಗೆ ಹೋಗುವಂತಿಲ್ಲ.

"ಸಿದ್ದೀಕಾಕ, ಈಗಷ್ಟೇ ಸಿಕ್ಕಿತು. ಎರಡು ದಿನ ನೋಡಬಾರದಾ?"

"ಊರಲ್ಲಿ ಎಂತ ಕೆಲಸ ನನಗೆ? ಇದ್ದವರು ನಾಳೆ ಇಲ್ಲಿಗೇ ಬರ್ತಾರೆ. ಸೇಸಪ್ಪಣ್ಣನನ್ನು ಇವತ್ತೇ ಬಿಡಿ. ಮಗಳಿಗೆ ಅವರು ಹಲಸಿನೆಲೆಯ ಕೊಟ್ಟೆಕಡುಬು ಮಾಡಿಕೊಡ್ತೇನೆ ಅಂದಿದ್ರು."

ಅರ್ಜಿಯಲ್ಲಿ ಆರೋಪಿಗೂ ಜಾಮೀನುದಾರನಿಗೂ ಏನು ಸಂಬಂಧ ಎಂದು ಬರೆಯಲು ಜಾಗವಿತ್ತು. ಹೆಸರು ಬೇರೆ, ಧರ್ಮ ಬೇರೆ, ತಾಲ್ಲೂಕೂ ಬೇರೆ. ಏನು ಬರೆಯಲಿ ಎಂದು ಮಿಸ್ರಿಯಾ ಕೇಳಿದಳು.

ಸಿದ್ದೀಕ ಸೊಂಟದ ಕೀಲಿಗೊಂಚಲು ಮುಟ್ಟಿ ನೋಡಿಕೊಂಡ. "ಶುಕ್ರವಾರ ನನ್ನ ಕೀ ಅವರತ್ರ ಇರ್ತದೆ. ಅದಕ್ಕೆ ಅರಬಿಯಲ್ಲಿ ಎಂತ ಹೇಳ್ತೀರೋ ಅದನ್ನೇ ಬರೀರಿ."

ಮಿಸ್ರಿಯಾ ಅರಬಿಯಲ್ಲಿ ಅಣ್ಣ ಎಂದು ಬರೆದು ಕಾಗದವನ್ನು ಇನ್‌ಸ್ಪೆಕ್ಟರ್ ಕಡೆ ತಳ್ಳಿದಳು. ಸುಹೈಲ್ ಓದಿದರು, ಏನೂ ಕೇಳದೆ ಕೆಳಗೆ ಸಹಿ ಹಾಕಿದರು.